ಸರಿ ಮಾಡಿದ್ದು ಸರಿ, ಯಾವ ಆವೃತ್ತಿಯಲ್ಲಿ?

ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ



ನಮ್ಮ ವಿಭಾಗದಲ್ಲಿ ಸಾಮಾನ್ಯವಾಗಿ ಆರೋಗ್ಯದ ಬಗ್ಗೆ, ಹೂಡಿಕೆಯ ಬಗ್ಗೆ, ಮಕ್ಕಳ ಪರೀಕ್ಷೆಯ ಬಗ್ಗೆ ಮಾತು ನಡೆಯುತ್ತದೆ. ಈ ಸಲ ಕಾರ್ಯದರ್ಶಿಯವರು ನನಗೆ ಫೋನ್ ಮಾಡಿ, "ನೀವೆಲ್ಲ ಹಿಂಜವಡಿಯಲ್ಲಿ ಇಡೀ ದಿನ ಕೂತು ಏನು ಮಾಡ್ತೀರಿ ಅಂತ ನಮಗೂ ಅರ್ಥವಾಗೋ ಹಾಗೆ ಹೇಳಿ" ಅಂದರು. ಇಡೀ ದಿನದ್ದು ಹೇಳಿದರೆ ನೀವು ಬಿಟ್ಟು ಬಂದ ಭಾನುವಾರದ ಮಧ್ಯಾಹ್ನದ ನಿದ್ದೆ ಇಲ್ಲೇ ಬಂದೀತು. ಆದ್ದರಿಂದ ಒಂದು ತುಂಡು ಮಾತ್ರ ಆರಿಸಿಕೊಂಡಿದ್ದೇನೆ. ಸಾಫ್ಟ್‌ವೇರ್‌ನಲ್ಲಿ ತಪ್ಪು ಸಿಕ್ಕಾಗ ಅದನ್ನು ಸರಿ ಮಾಡುತ್ತೇವಲ್ಲ, ಹಾಗೆ ಸರಿ ಮಾಡಿದ್ದರ ಲೆಕ್ಕ ಎಲ್ಲಿ ಇರುತ್ತದೆ, ಆ ಲೆಕ್ಕ ನೆಟ್ಟಗಿಲ್ಲದಿದ್ದರೆ ಅದರ ಭಾರ ಯಾರ ತಲೆಯ ಮೇಲೆ ಬೀಳುತ್ತದೆ ಅನ್ನುವುದು.

ಇಲ್ಲಿ ಹಲವರು ಭಿಶಿ ನಡೆಸುತ್ತೀರಿ. ಪುಣೆಗೆ ಹೊಸದಾಗಿ ಬಂದವರಿಗೆ ಹೇಳುತ್ತೇನೆ, ನಮ್ಮೂರಿನ ಚೀಟಿಯೇ ಇಲ್ಲಿ ಭಿಶಿ. ಆ ನೋಟ್‌ಬುಕ್ಕಿನಲ್ಲಿ ಯಾರದೋ ಹೆಸರಿನ ಮುಂದೆ 2000 ಇದ್ದದ್ದು 3000 ಆಗಿದೆ ಅಂತಿಟ್ಟುಕೊಳ್ಳಿ. ವೈಟ್ನರ್ ಹಚ್ಚಿ ತಿದ್ದಿದ್ದರೆ ಅವತ್ತಿನ ತಿಂಡಿ ಯಾರ ಗಂಟಲಿಗೂ ಇಳಿಯುವುದಿಲ್ಲ. ಹಳೆಯ ಅಂಕಿಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸದು ಬರೆದು, ತಾರೀಖು ಹಾಕಿ, ಸಹಿ ಮಾಡಿ, "ಜೂನ್ ಬಾಕಿ ಸೇರಿಸಿದೆ" ಎಂದು ಬರೆದಿದ್ದರೆ ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು ಮುಂದಿನ ಸಾಲಿನಲ್ಲಿ ತಲೆಯಾಡಿಸುತ್ತಿದ್ದೀರಿ. ಲೆಡ್ಜರಿನಲ್ಲಿ ಹೊಡೆದು ಹಾಕಿದ ಅಂಕಿಯೂ ಓದಲು ಬರಬೇಕು ಅನ್ನುವ ಶಿಸ್ತು ನಿಮ್ಮದು. ವರ್ಷನ್ ಕಂಟ್ರೋಲ್ ಅಂದರೆ ಆ ಶಿಸ್ತನ್ನು ಯಂತ್ರಕ್ಕೆ ಕಲಿಸಿದ್ದು, ಅಷ್ಟೇ.

ಕನ್ನಡ ಎಂ.ಎ. ಮಾಡಿದವರಿಗೆ ಇನ್ನೂ ಹತ್ತಿರದ ಹೋಲಿಕೆ ಇದೆ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರು ಪುಟದ ಕೆಳಗೆ ಪಾಠಾಂತರ ಕೊಡುತ್ತಾರೆ. ಈ ಪ್ರತಿಯಲ್ಲಿ ಹೀಗಿದೆ, ಆ ಪ್ರತಿಯಲ್ಲಿ ಹಾಗಿದೆ, ನಾನು ಇದನ್ನು ಆರಿಸಿಕೊಂಡೆ ಅಂತ. ಅವರು ತಾಳೆಗರಿಗಳನ್ನು ಎದುರಿಗಿಟ್ಟುಕೊಂಡು ವರ್ಷಗಟ್ಟಲೆ ಮಾಡಿದ ಕೆಲಸವನ್ನು ನಮ್ಮ ಕಂಪ್ಯೂಟರ್ ಕ್ಷಣದಲ್ಲಿ ಮಾಡುತ್ತದೆ. ಹಳೆಯ ಪಾಠ ಕೆಂಪಿನಲ್ಲಿ, ಹೊಸ ಪಾಠ ಹಸಿರಿನಲ್ಲಿ.

1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರೋಚ್‌ಕೈಂಡ್ ಎಂಬವರು ಇಂಥದೊಂದು ವ್ಯವಸ್ಥೆ ಬರೆದರು. ಆಮೇಲೆ ಹಲವು ಬಂದವು, ಹೋದವು. ಈಗ ಹೆಚ್ಚಿನ ಕಡೆ ಬಳಸುವುದು ಗಿಟ್. ಲಿನಕ್ಸ್ ಬರೆದ ಲೀನಸ್ ಟೋರ್ವಾಲ್ಡ್ಸ್ ಅದನ್ನು 2005ರ ಏಪ್ರಿಲ್‌ನಲ್ಲಿ ಶುರು ಮಾಡಿದರು. ಅದುವರೆಗೆ ಲಿನಕ್ಸ್ ಮಂದಿ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಪುಕ್ಕಟೆ ಬಳಸುತ್ತಿದ್ದರು. ಆ ಸೌಲಭ್ಯ ನಿಂತುಹೋಯಿತು, ಬೇರೆ ದಾರಿಯಿಲ್ಲದೆ ಸ್ವಂತದ್ದು ಬರೆದುಕೊಂಡರು.

ಗಿಟ್‌ನಲ್ಲಿ ಒಂದೊಂದು ಬದಲಾವಣೆಯನ್ನೂ ಕಮಿಟ್ ಅನ್ನುತ್ತೇವೆ. ಪ್ರತಿ ಕಮಿಟ್‌ಗೂ 40 ಅಕ್ಷರಗಳ ಒಂದು ಗುರುತು ಸಂಖ್ಯೆ ಇರುತ್ತದೆ. ಯಾವ ಸಾಲು ಬದಲಾಯಿತು, ಯಾರು ಬದಲಾಯಿಸಿದರು, ಯಾವಾಗ ಎಂಬ ಮೂರನ್ನೂ ಯಂತ್ರ ತಾನೇ ಬರೆದುಕೊಳ್ಳುತ್ತದೆ. ನಾಲ್ಕನೆಯದು, ಯಾಕೆ ಅನ್ನುವುದು. ಅದನ್ನು ಮನುಷ್ಯರೇ ಬರೆಯಬೇಕು, ಎಲ್ಲ ಸೋಮಾರಿತನವೂ ಅಲ್ಲೇ ಸೇರಿಕೊಳ್ಳುತ್ತದೆ. "ಸರಿ ಮಾಡಿದೆ", "ಸಣ್ಣ ಬದಲಾವಣೆ", "ಫೈನಲ್", ಮಾರನೆಯ ದಿನ "ಫೈನಲ್ 2". ನಗಬೇಡಿ, ದೊಡ್ಡ ದೊಡ್ಡ ಡಿಗ್ರಿಯವರು ಬರೆದದ್ದನ್ನೇ ಹೇಳುತ್ತಿದ್ದೇನೆ.

ಚೆನ್ನಾಗಿ ಬರೆದ ಒಂದು ಟಿಪ್ಪಣಿಯ ಕಥೆ ಹೇಳುತ್ತೇನೆ. ನಾನು ಹಿಂದೆ ಇದ್ದ ಒಂದು ತಂಡ ಬಿಲ್ಲಿಂಗ್ ತಂತ್ರಾಂಶವನ್ನು ನೋಡಿಕೊಳ್ಳುತ್ತಿತ್ತು. ತಿಂಗಳ ಕಂತಿನ ತಾರೀಖು ಲೆಕ್ಕ ಹಾಕುವ ಜಾಗದಲ್ಲಿ ಒಂದು ವಿಚಿತ್ರ ಷರತ್ತು ಇತ್ತು, ನೋಡಿದರೆ ಯಾರಿಗಾದರೂ ಇದು ಯಾಕೆ ಬೇಕು ಅನ್ನಿಸಬೇಕು. ಹೊಸದಾಗಿ ಸೇರಿದ ಹುಡುಗ ಕೋಡ್ ಚೊಕ್ಕ ಮಾಡುವ ಉತ್ಸಾಹದಲ್ಲಿ ಅದನ್ನು ತೆಗೆಯಲು ಹೊರಟ. ತೆಗೆಯುವ ಮೊದಲು ಗಿಟ್ ಬ್ಲೇಮ್ ಎಂಬ ಆಜ್ಞೆ ಕೊಟ್ಟು ನೋಡಿದ. ಒಂದೊಂದು ಸಾಲನ್ನೂ ಕೊನೆಗೆ ಮುಟ್ಟಿದವರು ಯಾರು, ಯಾವ ಕಮಿಟ್‌ನಲ್ಲಿ ಎಂದು ಅದು ತೋರಿಸುತ್ತದೆ. ಆರು ವರ್ಷದ ಹಿಂದೆ ಕೆಲಸ ಬಿಟ್ಟುಹೋದ ಒಬ್ಬ ಮಹಿಳೆಯ ಹೆಸರು ಬಂತು. ನಾವು ಯಾರೂ ಅವರನ್ನು ನೋಡಿರಲಿಲ್ಲ. ಟಿಪ್ಪಣಿಯಲ್ಲಿ ಅವರು ಬರೆದಿದ್ದರು: 31ನೇ ತಾರೀಖು ಸೇರಿದ ಗ್ರಾಹಕರಿಗೆ ಫೆಬ್ರವರಿಯಲ್ಲಿ ಕಂತು ಬೀಳುವುದಿಲ್ಲ, ಮಾರ್ಚ್‌ನಲ್ಲಿ ಎರಡು ಸಲ ಬೀಳುತ್ತದೆ, ಜೊತೆಗೆ ದಂಡ. ಕೆಳಗೆ ದೂರಿನ ಸಂಖ್ಯೆ. ಆ ಸಂಖ್ಯೆ ಹಾಕಿ ಹುಡುಕಿದರೆ ಗ್ರಾಹಕರ ಮೂಲ ದೂರು, ಪರೀಕ್ಷೆ ಮಾಡಿದ ವಿಧಾನ ಎಲ್ಲವೂ ಸಿಕ್ಕಿತು. ಹುಡುಗ ಆ ಸಾಲನ್ನು ಮುಟ್ಟಲಿಲ್ಲ.

ಗಿಟ್ ಬ್ಲೇಮ್ ಅನ್ನುವ ಹೆಸರು ನನಗೆ ಮೊದಲಿಂದಲೂ ಇಷ್ಟವಿಲ್ಲ. ಬ್ಲೇಮ್ ಅಂದರೆ ದೂರುವುದು. ಅಲ್ಲಿ ನಡೆದದ್ದು ದೂರುವ ಕೆಲಸವಲ್ಲವಲ್ಲ, ಎಂದೂ ಕಾಣದ ಒಬ್ಬಾಕೆಯ ಹತ್ತಿರ ಹೋಗಿ "ಇದ್ಯಾಕೆ ಹೀಗೆ ಮಾಡಿದಿರಿ?" ಎಂದು ಕೇಳಿ ಉತ್ತರ ಪಡೆದ ಹಾಗಾಯಿತು.

ಸರಿ ಮಾಡಲು ಹೋಗಿ ಕೆಡಿಸಿದ ಉದಾಹರಣೆಯೂ ಬೇಕು. ಇದು ಲೋಕಪ್ರಸಿದ್ಧ. ಡೆಬಿಯನ್ ಅನ್ನುವುದು ಲಿನಕ್ಸ್‌ನ ಒಂದು ದೊಡ್ಡ ಬಳಗ. ಓಪನ್‌ಎಸ್‌ಎಸ್‌ಎಲ್ ಅನ್ನುವುದು ರಹಸ್ಯ ಕೀಲಿಗಳನ್ನು ತಯಾರಿಸುವ, ಗೂಢಲಿಪಿಯ ಕೆಲಸ ಮಾಡುವ ತಂತ್ರಾಂಶ. 2006ರಲ್ಲಿ ಪರೀಕ್ಷಾ ಸಲಕರಣೆಯೊಂದು ಅದರ ಕೋಡ್ ನೋಡಿ ಎಚ್ಚರಿಕೆ ಕೊಡುತ್ತಿತ್ತು. ಆ ಎಚ್ಚರಿಕೆ ಹೋಗಲಿ ಅಂತ ಡೆಬಿಯನ್ ಕಡೆಯಲ್ಲಿ ಸಂಬಂಧಪಟ್ಟ ಕೋಡನ್ನು ನಿಷ್ಕ್ರಿಯಗೊಳಿಸಿದರು. ಕಿರಿಕಿರಿ ನಿಂತಿತು. ಆದರೆ ಕೀಲಿಗಳನ್ನು ಊಹಿಸಲಾಗದಂತೆ ಮಾಡುತ್ತಿದ್ದ ಯಾದೃಚ್ಛಿಕತೆ ಬರುತ್ತಿದ್ದದ್ದೇ ಅಲ್ಲಿಂದ. ಲೆಕ್ಕವೇ ಸಿಗದಷ್ಟು ಕೀಲಿಗಳು ಸಾಧ್ಯವಿದ್ದ ಕಡೆ, ಒಂದೊಂದು ಬಗೆಯಲ್ಲಿ ಸುಮಾರು 32 ಸಾವಿರ ಮಾತ್ರ ಉಳಿದವು. ಇಡೀ ಊರಿನ ಬೀಗಗಳಿಗೆ ಒಂದೇ ಗೊಂಚಲಿನ ಕೀಲಿ ಸಾಕು ಅನ್ನುವ ಪರಿಸ್ಥಿತಿ. ಹೆಚ್ಚು ಕಡಿಮೆ ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. 2008ರ ಮೇ ತಿಂಗಳಲ್ಲಿ ಲೂಸಿಯಾನೊ ಬೆಲ್ಲೊ ಪತ್ತೆ ಮಾಡಿದ್ದು ಪ್ರಕಟವಾಯಿತು.

ತಪ್ಪು ಘೋರವಾದದ್ದೇ. ನಾನು ಇದನ್ನು ಹೇಳಿದ್ದು ಆಮೇಲೆ ನಡೆದದ್ದಕ್ಕಾಗಿ. ಡೆಬಿಯನ್ ಪ್ರಕಟಣೆ ಹೊರಡಿಸಿ, ದೋಷ ಇರುವ ಮೊದಲ ಆವೃತ್ತಿ ಯಾವುದು, ಅದು 2006ರ ಸೆಪ್ಟೆಂಬರ್ 17ರಂದು ಸೇರಿತು, ಅಲ್ಲಿಂದ ಈಚೆಗೆ ಡೆಬಿಯನ್ ಯಂತ್ರಗಳಲ್ಲಿ ಮಾಡಿದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಿಕೊಳ್ಳಿ ಎಂದು ನೇರವಾಗಿ ಹೇಳಿತು. ತಾರೀಖು ಸಮೇತ ಹೇಳಲು ಆದದ್ದು ದಾಖಲೆ ಇದ್ದದ್ದರಿಂದ, ಆ ದಾಖಲೆ ಯಾರು ಬೇಕಾದರೂ ನೋಡುವ ಹಾಗೆ ಬಯಲಿನಲ್ಲಿ ಇದ್ದದ್ದರಿಂದ. ನನ್ನ ಕೀಲಿ 2005ರದ್ದಾದರೆ ನಾನು ನೆಮ್ಮದಿಯಾಗಿ ಇರಬಹುದು, 2007ರದ್ದಾದರೆ ಈಗಲೇ ಏಳಬೇಕು. ಪೀಡಿತರಿಗೆ ಬೇಕಾದದ್ದು ಇಂಥ ಉತ್ತರ.

ಇನ್ನು ಕವಲುಗಳ ವಿಷಯ. ಇದು ಸ್ವಲ್ಪ ತೊಡಕು, ಆದರೆ ಬಗ್ ಮತ್ತೆ ಮತ್ತೆ ಯಾಕೆ ಬರುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. "ಕಳೆದ ತಿಂಗಳು ಸರಿಹೋಗಿತ್ತು, ಅಪ್‌ಡೇಟ್ ಮಾಡಿದ ಮೇಲೆ ಮತ್ತೆ ಹಾಳಾಯ್ತು" ಎಂದು ನೀವೆಲ್ಲ ಒಮ್ಮೆಯಾದರೂ ಬೈದುಕೊಂಡಿರುತ್ತೀರಿ. ಆಗುವುದು ಹೀಗೆ. ಗ್ರಾಹಕರ ಕೈಯಲ್ಲಿರುವುದು ಆವೃತ್ತಿ 4. ನಮ್ಮಲ್ಲಿ ಮುಖ್ಯ ಕವಲಿನಲ್ಲಿ ಆವೃತ್ತಿ 5 ತಯಾರಾಗುತ್ತಿರುತ್ತದೆ, ಹೊಸ ಫೀಚರ್‌ಗಳೆಲ್ಲ ಅಲ್ಲಿ. ಆವೃತ್ತಿ 4ರಲ್ಲಿ ತಪ್ಪು ಸಿಕ್ಕಿತು, ರಾತ್ರೋರಾತ್ರಿ ಅದರ ಕವಲಿನಲ್ಲೇ ಸರಿ ಮಾಡಿ ಕಳಿಸಿದರು. ಅದೇ ತಿದ್ದುಪಡಿಯನ್ನು 5ರ ಕವಲಿಗೆ ಒಯ್ಯಬೇಕು ಅನ್ನುವುದು ಯಾರ ಪಟ್ಟಿಯಲ್ಲೂ ಬರಲಿಲ್ಲ. ಮೂರು ತಿಂಗಳಾದ ಮೇಲೆ 5 ಬಿಡುಗಡೆಯಾಯಿತು, ಹಳೆಯ ತಪ್ಪು ಹೊಸ ಬಟ್ಟೆ ಹಾಕಿಕೊಂಡು ವಾಪಸ್ ಬಂತು. ಅತ್ತೆಯ ಮನೆಯ ವಂಶವೃಕ್ಷದಲ್ಲಿ ಹೆಸರು ತಿದ್ದಿಸಿ, ತವರಿನ ಪ್ರತಿಯಲ್ಲಿ ಹಾಗೇ ಬಿಟ್ಟ ಹಾಗೆ.

ಇದಕ್ಕೆ ಗಿಟ್‌ನಲ್ಲಿ ಮದ್ದಿದೆ. ಒಂದು ಕಮಿಟ್‌ನ ಸಂಖ್ಯೆ ಕೊಟ್ಟು, ಇದು ಯಾವ ಯಾವ ಕವಲುಗಳಲ್ಲಿ ಸೇರಿದೆ, ಯಾವ ಬಿಡುಗಡೆಯಿಂದ ಸೇರಿದೆ ಎಂದು ಕೇಳಬಹುದು. ಒಂದು ಕವಲಿನ ತಿದ್ದುಪಡಿಯನ್ನು ಎತ್ತಿ ಇನ್ನೊಂದಕ್ಕೆ ಹಾಕುವುದಕ್ಕೆ ಚೆರ್ರಿ-ಪಿಕ್ ಎಂದು ಹೆಸರು. ಹಾಗೆ ಎತ್ತಿದಾಗ ಹೊಸ ಪ್ರತಿಗೆ ಬೇರೆ ಸಂಖ್ಯೆ ಬರುತ್ತದೆ, ಅದಕ್ಕೇ ಮೂಲದ ಸಂಖ್ಯೆಯನ್ನು ಟಿಪ್ಪಣಿಯಲ್ಲಿ ಬರೆದಿಡುವ ಸೌಲಭ್ಯವೂ ಇದೆ. ಲಿನಕ್ಸ್ ಕರ್ನೆಲ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ. ತಪ್ಪು ಸರಿ ಮಾಡುವ ಟಿಪ್ಪಣಿಯ ಕೊನೆಗೆ "ಫಿಕ್ಸಸ್" ಎಂದು ಬರೆದು, ಆ ತಪ್ಪನ್ನು ಒಳಗೆ ತಂದ ಹಳೆಯ ಕಮಿಟ್‌ನ ಮೊದಲ 12 ಅಕ್ಷರ ಮತ್ತು ಅದರ ತಲೆಬರಹ ಹಾಕುತ್ತಾರೆ. ಹಳೆಯ ಆವೃತ್ತಿಗಳನ್ನು ಕಾಯುವವರು ಅದನ್ನು ನೋಡಿ, ತಪ್ಪು ನಮ್ಮಲ್ಲಿ ಇದ್ದರೆ ತಿದ್ದುಪಡಿಯೂ ಬೇಕು, ಇಲ್ಲದಿದ್ದರೆ ಬೇಡ ಎಂದು ತೀರ್ಮಾನಿಸುತ್ತಾರೆ. ಅದರ ಪಕ್ಕದಲ್ಲೇ ತಪ್ಪನ್ನು ವರದಿ ಮಾಡಿದವರ ಹೆಸರಿಗೂ ಒಂದು ಸಾಲು ಇರುತ್ತದೆ. ಕೋಡ್ ಬರೆದವರಿಗಷ್ಟೇ ಅಲ್ಲ, ಹೇಳಿದವರಿಗೂ ಜಾಗ. ಈ ಪದ್ಧತಿ ನನಗೆ ತುಂಬ ಹಿಡಿಸಿದ್ದು. ಕಮಿಟ್‌ಗಳ ಸಂಖ್ಯೆ ಎಣಿಸಿ ಯಾರು ಎಷ್ಟು ಕೆಲಸ ಮಾಡಿದರು ಎಂದು ಅಳೆಯುವ ಮ್ಯಾನೇಜರ್‌ಗಳು ಇದ್ದಾರೆ. ಒಂದು ವಾರ ತಲೆ ಕೆಡಿಸಿಕೊಂಡು ಒಂದೇ ಸಾಲು ತಿದ್ದಿದವಳು ಅವರ ಪಟ್ಟಿಯಲ್ಲಿ ಕೊನೆಗೆ ಬರುತ್ತಾಳೆ.

ತಪ್ಪು ಯಾವಾಗ ಒಳಗೆ ಬಂತು ಅಂತಲೇ ಗೊತ್ತಿಲ್ಲದಿದ್ದರೆ? ಅದಕ್ಕೆ ಗಿಟ್ ಬೈಸೆಕ್ಟ್ ಇದೆ. ನಿಘಂಟಿನಲ್ಲಿ ಪದ ಹುಡುಕುವಾಗ ನಡುವೆ ತೆರೆದು, ಹಿಂದೋ ಮುಂದೋ ನೋಡಿ, ಮತ್ತೆ ಉಳಿದರ್ಧದ ನಡುವೆ ತೆರೆಯುತ್ತೇವಲ್ಲ, ಹಾಗೆ. ಸಾವಿರ ಕಮಿಟ್‌ಗಳಿದ್ದರೆ ಸುಮಾರು ಹತ್ತು ಪರೀಕ್ಷೆಗೆ ಅಪರಾಧಿ ಸಿಗುತ್ತದೆ. ಆದರೆ ಒಂದೊಂದು ಕಮಿಟ್ ಚಿಕ್ಕದಾಗಿರಬೇಕು. ಐವತ್ತು ಬದಲಾವಣೆಗಳನ್ನು ಒಂದೇ ಗಂಟು ಕಟ್ಟಿ "ಫೈನಲ್" ಎಂದು ಎಸೆದಿದ್ದರೆ, ಗಂಟು ಸಿಗುತ್ತದೆ, ಸೂಜಿ ಸಿಗುವುದಿಲ್ಲ.

ಇಷ್ಟು ಹೊತ್ತು ಕೇಳಿದವರು "ಇದೆಲ್ಲ ನಿಮ್ಮ ಆಫೀಸಿನ ಸಂಸಾರ, ನಮಗೇನು?" ಅನ್ನಬಹುದು. ಅದಕ್ಕೇ ಬ್ರಿಟನ್ನಿನ ಅಂಚೆ ಕಚೇರಿಗಳ ಕಥೆ ಕೊನೆಗೆ ಇಟ್ಟುಕೊಂಡೆ.

ಅಲ್ಲಿ ಹಳ್ಳಿ, ಪೇಟೆಗಳ ಬಹಳಷ್ಟು ಅಂಚೆ ಶಾಖೆಗಳನ್ನು ಕಿರಾಣಿ ಅಂಗಡಿ ಇಟ್ಟುಕೊಂಡವರು ನಡೆಸುತ್ತಾರೆ. ಸಬ್-ಪೋಸ್ಟ್‌ಮಾಸ್ಟರ್ ಎಂದು ಹೆಸರು, ಹೆಂಗಸರೂ ಬಹಳ ಜನ. 1999ರಿಂದ ಆ ಶಾಖೆಗಳಿಗೆ ಹೊರೈಜನ್ ಎಂಬ ಕಂಪ್ಯೂಟರ್ ಲೆಕ್ಕ ಬಂತು. ಮುಂದೆ ಅದನ್ನು ನೋಡಿಕೊಂಡದ್ದು ಫುಜಿತ್ಸು. ಸಂಜೆ ಲೆಕ್ಕ ಹಾಕಿದರೆ ದುಡ್ಡು ಕಡಿಮೆ ತೋರಿಸುತ್ತಿತ್ತು. ಕಡಿಮೆ ಬಿದ್ದದ್ದನ್ನು ನೀವೇ ತುಂಬಬೇಕು ಎನ್ನುವುದು ಅಂಚೆ ಸಂಸ್ಥೆಯ ನಿಲುವು. ಜನ ಅಂಗಡಿಯ ದುಡ್ಡು ಹಾಕಿದರು, ನೆಂಟರ ಹತ್ತಿರ ಸಾಲ ಮಾಡಿದರು. ತುಂಬಲಾಗದವರ ಮೇಲೆ ಕಳ್ಳತನದ, ಸುಳ್ಳು ಲೆಕ್ಕದ ಮೊಕದ್ದಮೆ. 1999 ಮತ್ತು 2015ರ ನಡುವೆ 900ಕ್ಕೂ ಹೆಚ್ಚು ಜನ ಹೀಗೆ ಅಪರಾಧಿಗಳಾದರು.

ಹೊರೈಜನ್‌ನ ಒಂದು ದೋಷಕ್ಕೆ ಕ್ಯಾಲೆಂಡರ್ ಸ್ಕ್ವೇರ್ ಬಗ್ ಎಂದು ಹೆಸರು. ಸ್ಕಾಟ್ಲೆಂಡಿನ ಫಾಲ್ಕರ್ಕ್‌ನಲ್ಲಿರುವ ಶಾಖೆಯ ಹೆಸರು ಅದು. ಒಂದು ಕೌಂಟರಿನಲ್ಲಿ ನಡೆದ ವರ್ಗಾವಣೆ ಇನ್ನೊಂದು ಕೌಂಟರಿಗೆ ಕಾಣಿಸುತ್ತಿರಲಿಲ್ಲ. ಕಾಣಿಸದೆ ಮತ್ತೊಮ್ಮೆ ಮಾಡಿದರೆ ಲೆಕ್ಕ ಎರಡು ಸಲ ಕೂಡಿಕೊಳ್ಳುತ್ತಿತ್ತು. 2006ರಲ್ಲಿ ಅದನ್ನು ಸರಿ ಮಾಡಿದೆವು ಅನ್ನುವುದು ತಯಾರಕರ ಮಾತು.

ಸೀಮಾ ಮಿಶ್ರಾ ಎಂಬ ಭಾರತೀಯ ಮೂಲದ ಮಹಿಳೆ ಸರ್ರೆಯ ವೆಸ್ಟ್ ಬೈಫ್ಲೀಟ್‌ನಲ್ಲಿ ಅಂಚೆ ಶಾಖೆ ನಡೆಸುತ್ತಿದ್ದರು. 74 ಸಾವಿರ ಪೌಂಡ್ ಕದ್ದ ಆರೋಪ ಅವರ ಮೇಲೆ. 2010ರಲ್ಲಿ ವಿಚಾರಣೆ. ಅವರ ವಕೀಲರು ಈ ಬಗ್ಗಿನ ಮಾತು ಎತ್ತಿದರು. ಅದು ಹಿಂದೆಯೇ ಸರಿಹೋಗಿದೆ, ಈ ಶಾಖೆಯಲ್ಲಿ ಅದರ ಕುರುಹಿಲ್ಲ ಎನ್ನುವ ಉತ್ತರ ಬಂತು. ಅದೇ ಹೊತ್ತಿಗೆ ಇನ್ನೊಂದು ಹೊಸ ದೋಷದ ಬಗ್ಗೆ ಒಳಗೊಳಗೇ ವರದಿ ತಯಾರಾಗಿತ್ತು. ಅದು ಅವರ ಕಡೆಯವರ ಕೈಗೆ ಬರಲಿಲ್ಲ. ನವೆಂಬರಿನಲ್ಲಿ 15 ತಿಂಗಳ ಜೈಲು ಶಿಕ್ಷೆಯಾಯಿತು. ಅವತ್ತು ಮಗನ ಹತ್ತನೆಯ ಹುಟ್ಟುಹಬ್ಬ. ಅವರು ಎಂಟು ವಾರದ ಬಸುರಿ.

ನಾನು ಈ ಪ್ರಕರಣವನ್ನು ಓದಿದಾಗಲೆಲ್ಲ "ಸರಿಹೋಗಿದೆ" ಅನ್ನುವ ಆ ಮಾತಿನ ಹತ್ತಿರ ನಿಂತುಬಿಡುತ್ತೇನೆ. ನಮ್ಮ ಕಡೆಯಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು. ಯಾವ ಆವೃತ್ತಿಯಲ್ಲಿ ಸರಿಹೋಗಿದೆ? ಆ ಆವೃತ್ತಿ ಆಕೆಯ ಶಾಖೆಗೆ ಯಾವತ್ತು ತಲುಪಿತು? ಅದಕ್ಕೆ ಮುಂಚೆ ಬಿದ್ದ ಲೆಕ್ಕವನ್ನು ಯಾರಾದರೂ ವಾಪಸ್ ನೋಡಿದರೆ? ದೋಷಗಳ ಪಟ್ಟಿ ಇರಲಿಲ್ಲ ಅನ್ನುವ ಹಾಗಿಲ್ಲ. ತಿಳಿದಿರುವ ದೋಷಗಳ ದಾಖಲೆ ಎಂದೇ ಒಂದು ಇತ್ತು, ಸಾವಿರಾರು ನಮೂದುಗಳದ್ದು. ಜೈಲಿಗೆ ಹೋಗುತ್ತಿದ್ದವರಿಗೆ ಅದು ಕಾಣುತ್ತಿರಲಿಲ್ಲ, ಅಷ್ಟೇ. ಅಲನ್ ಬೇಟ್ಸ್ ಮುಂದಾಳತ್ವದಲ್ಲಿ 555 ಜನ ನ್ಯಾಯಾಲಯಕ್ಕೆ ಹೋದ ಮೇಲೆ ಆ ದಾಖಲೆ ಹೊರಗೆ ಬಂತು. 2019ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಪೀಟರ್ ಫ್ರೇಸರ್ ಆ ನಮೂದುಗಳನ್ನೂ ಪರಿಶೀಲಿಸಿ, ಶಾಖೆಗಳ ಲೆಕ್ಕವನ್ನು ಕೆಡಿಸಬಲ್ಲ ದೋಷಗಳು ಇದ್ದವು ಎಂದು ತೀರ್ಪು ಕೊಟ್ಟರು. 2021ರ ಏಪ್ರಿಲ್‌ನಲ್ಲಿ ಸೀಮಾ ಮಿಶ್ರಾ ಸೇರಿ 39 ಜನರ ಶಿಕ್ಷೆ ರದ್ದಾಯಿತು. ಉಳಿದವರಿಗಾಗಿ 2024ರಲ್ಲಿ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ಡೆಬಿಯನ್‌ನ ತಪ್ಪೂ ತಪ್ಪೇ, ಹೊರೈಜನ್‌ನದ್ದೂ ತಪ್ಪೇ. ಒಂದು ಕಡೆ ಪಟ್ಟಿಯನ್ನು ಬೀದಿಯಲ್ಲಿ ಅಂಟಿಸಿದರು, ಇನ್ನೊಂದು ಕಡೆ ಬೀರುವಿನಲ್ಲಿ ಇಟ್ಟರು.

ನಮ್ಮ ಮಟ್ಟಕ್ಕೆ ಬರೋಣ. ಸೊಸೈಟಿಯ ಮೇಂಟೆನೆನ್ಸ್ ಆ್ಯಪ್ ನೀವು ಕಟ್ಟಿದ ದುಡ್ಡನ್ನು ಬಾಕಿ ಎಂದು ತೋರಿಸಿತು ಅಂದುಕೊಳ್ಳಿ. ದೂರು ಕೊಟ್ಟರೆ "ಸಿಸ್ಟಮ್ ತಪ್ಪು ಮಾಡಲ್ಲ ಮೇಡಂ" ಅನ್ನುತ್ತಾರೆ, ಅಥವಾ "ಸರಿಹೋಗಿದೆ ಮೇಡಂ" ಅನ್ನುತ್ತಾರೆ. ಎರಡಕ್ಕೂ ಸುಮ್ಮನಾಗಬೇಡಿ. ದೂರಿನ ಸಂಖ್ಯೆ ಕೊಡಿ ಅನ್ನಿ. ಯಾವ ಆವೃತ್ತಿಯಲ್ಲಿ ಸರಿಹೋಗಿದೆ, ಅದಕ್ಕಿಂತ ಹಿಂದಿನ ತಿಂಗಳುಗಳ ಲೆಕ್ಕವನ್ನು ಮರುಪರಿಶೀಲಿಸಿದ್ದೀರಾ ಎಂದು ಬರಹದಲ್ಲಿ ಕೇಳಿ. ನಿಮ್ಮ ಕಡೆಯಿಂದ ಪರದೆಯ ಚಿತ್ರ, ತಾರೀಖು, ನಿಮ್ಮ ಫೋನಿನಲ್ಲಿರುವ ಆ್ಯಪ್‌ನ ಆವೃತ್ತಿ ಸಂಖ್ಯೆ ಮೂರನ್ನೂ ಕಳಿಸಿ. ಆ ಮೂರಿದ್ದರೆ ನನ್ನಂಥ ಯಾರೋ ಒಬ್ಬಳಿಗೆ ಒಂದು ದಿನದ ಕೆಲಸ ಉಳಿಯುತ್ತದೆ.

ಕನ್ನಡದ ಅಕ್ಷರ ತಪ್ಪು ಮೂಡಿದಾಗಲೂ ಹಾಗೇ. ರ‍್ಯಾಂಕ್ ಎಂದು ಬರೆದರೆ ಕೆಲವು ಕಡೆ ರಕಾರ ಅರ್ಕಾವೊತ್ತಾಗಿ ಹಾರಿ ಹೋಗುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ ಬೇಕು, ಅದನ್ನು ಆ ತಂತ್ರಾಂಶ ಗೌರವಿಸಿಲ್ಲ ಎಂದರ್ಥ. "ಕನ್ನಡ ಸರಿಯಿಲ್ಲ" ಎಂದು ಬೈದು ಬಿಟ್ಟರೆ ಯಾವ ಎಂಜಿನಿಯರ್‌ಗೂ ಏನೂ ಮಾಡಲು ಆಗುವುದಿಲ್ಲ. ಯಾವ ಪದ, ಹೇಗೆ ಕಾಣಬೇಕಿತ್ತು, ಹೇಗೆ ಕಂಡಿತು ಎಂದು ಬರೆದರೆ ಅದು ಒಂದು ದೂರಿನ ಸಂಖ್ಯೆಯಾಗುತ್ತದೆ. ಎಲ್ಲೋ ಕೂತ, ಕನ್ನಡ ಬಾರದ ಎಂಜಿನಿಯರ್ ಕೂಡ ಅದನ್ನು ಹಿಡಿದು ಕೆಲಸ ಶುರು ಮಾಡಬಹುದು.

ಆವೃತ್ತಿ ಸಂಖ್ಯೆ ಎಲ್ಲಿರುತ್ತದೆ ಅಂತ ಹಿಂದಿನ ಸಾಲಿನಿಂದ ಕೇಳುತ್ತಿದ್ದೀರಿ. ಆಂಡ್ರಾಯ್ಡ್ ಆದರೆ ಆ್ಯಪ್‌ನ ಚಿಹ್ನೆಯನ್ನು ಒತ್ತಿ ಹಿಡಿದು, ಆ್ಯಪ್ ಇನ್ಫೋಗೆ ಹೋಗಿ, ತೀರಾ ಕೆಳಗೆ ನೋಡಿ. ಚಹಾ ಬರುವವರೆಗೆ ನಾನು ಇಲ್ಲೇ ಇರುತ್ತೇನೆ, ಫೋನ್ ತಂದರೆ ತೋರಿಸುತ್ತೇನೆ.